ಜೋಡಿಯ ಇನ್ನೊಂದು ಎತ್ತು

ಹಾಲೇಶಪ್ಪನವರೇ, ನಿಮ್ಮ ಎತ್ತಿನ ಕಾಲು ಕೆಟ್ಟದ್ದು ನಿಮ್ಮಿಂದಲ್ಲ. ನನ್ನಿಂದ. ನೀವು ಅದನ್ನು ಕಾಲುವೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದ ಆ ಒಂದು ದಿನಕ್ಕೂ ಅದರ ಮಂಡಿ ಸವೆದು ಹೋದದ್ದಕ್ಕೂ ಯಾವ ಸಂಬಂಧವೂ ಇಲ್ಲ. ಸಂಬಂಧವಿದೆ ಎಂದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಇದನ್ನು ಕಳೆದ ವಾರ ನಿಮ್ಮೆದುರೇ ನಿಂತು ಹೇಳಿದೆ. ನೀವು ಕಾವಲಿಗಿರುವ ಅಕ್ಕಿ ಗಿರಣಿಯ ಗೇಟಿನ ಹತ್ತಿರ, ಲಾರಿ ಒಳಗೆ ಬಿಟ್ಟು ನೀವು ಕೈ ಒರೆಸಿಕೊಳ್ಳುತ್ತಿದ್ದಾಗ. ನೀವು ನಕ್ಕಿರಿ. "ನನ್ನ ಸಮಾಧಾನಕ್ಕ ಹೇಳ್ತೀರಿ ಡಾಕ್ಟ್ರೇ. ದೊಡ್ಡ ಮನಸು ನಿಮ್ದು. ನಾ ಮಾಡಿದ್ದು ನಂಗ ಗೊತ್ತೈತ್ರಿ" ಎಂದಿರಿ. ಆಮೇಲೆ ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ವಿಚಾರಿಸಿದಿರಿ. ನಾನು ಬಂದ ದಾರಿ ಹಿಡಿದು ವಿನೋಬನಗರದ ನನ್ನ ಮನೆಗೆ ವಾಪಸಾದೆ. ದಾರಿಯಲ್ಲಿ ಒಂದು ಸಂಗತಿ ಹೊಳೆಯಿತು — ಸುಳ್ಳನ್ನು ಹೇಳುವಾಗ ನನಗೆ ಒಂದೇ ವಾಕ್ಯ ಸಾಕಾಗಿತ್ತು. ನಿಜವನ್ನು ನಂಬಿಸಲು ಇಷ್ಟುದ್ದ ಬರೆಯಬೇಕಾಗಿದೆ.

ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನೀವು ಸಮಾಧಾನದ ಮಾತು ಎಂದು ತಳ್ಳಿಹಾಕಲಾಗದಷ್ಟು ವಿವರವಾಗಿ.

ಸರ್ಕಾರಿ ಪಶುವೈದ್ಯನಾಗಿ ನಾನು ದಾವಣಗೆರೆ, ಹರಿಹರದ ಸುತ್ತ ಮೂವತ್ತು ವರ್ಷ ತಿರುಗಿದವನು. ಕಾಲುವೆ ನೀರಿನ ಗದ್ದೆಗಳಲ್ಲಿ ಕೆಸರು ತುಳಿಯುವ ಎತ್ತುಗಳಿಗೆ ಬರುವ ಒಂದು ಕಾಯಿಲೆ ನಿಮಗೂ ಗೊತ್ತು: ಹಿಂಗಾಲಿನ ಮಂಡಿಚಿಪ್ಪು ಮೇಲೆ ಸಿಕ್ಕಿಕೊಂಡು ಕಾಲು ಹಿಂದಕ್ಕೆ ಸೆಟೆದು ನಿಲ್ಲುತ್ತದೆ. ಎತ್ತು ಗೊರಸಿನ ತುದಿಯನ್ನು ನೆಲಕ್ಕೆ ಗೀರುತ್ತ ಎಳೆಯುತ್ತದೆ. ಆಮೇಲೆ 'ಟಕ್' ಎಂದು ಬಿಡಿಸಿಕೊಂಡು ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಆ ಚಿಪ್ಪನ್ನು ಹಿಡಿದಿರುವ ಮೂರು ಪಟ್ಟಿಗಳಲ್ಲಿ ಒಳಗಿನದನ್ನು ಕತ್ತರಿಸಿದರೆ ತೊಂದರೆ ಹೋಗುತ್ತದೆ. ನೀವು ಅದನ್ನು ನರ ಎನ್ನುತ್ತೀರಿ, ನಾವು ಲಿಗಮೆಂಟ್ ಎನ್ನುತ್ತೇವೆ, ಎತ್ತು ಏನನ್ನೂ ಅನ್ನುವುದಿಲ್ಲ. ಎತ್ತನ್ನು ನಿಲ್ಲಿಸಿಕೊಂಡೇ, ಮರಗಟ್ಟಿಸುವ ಸೂಜಿ ಚುಚ್ಚಿ, ಸಣ್ಣ ಚಾಕುವಿನಲ್ಲಿ ಮಾಡುವ ಕೆಲಸ. ಯಾರು ಬೇಕಾದರೂ ಕಲಿಯಬಹುದು. ಯಾರು ಬೇಕಾದರೂ ಕಲಿಯಬಹುದಾದ ಕೆಲಸದಿಂದ ಹೆಸರು ಬರುವುದಿಲ್ಲ — ನನ್ನ ದುಃಖ ಅದಾಗಿತ್ತು.

ಮಂಡಿಯ ಕೀಲೇ ಸವೆದಿರುವ ಎತ್ತಿಗೆ ಮಾತ್ರ ಈ ಚಾಕು ಮುಟ್ಟಿಸಬೇಡಿ ಎಂದು ನಮ್ಮ ಗುರುಗಳು ಹೇಳಿದ್ದರು. ಅಂಥ ಕೀಲಿನಲ್ಲಿ ಪಟ್ಟಿ ಕತ್ತರಿಸಿದರೆ ಚಿಪ್ಪು ಸಡಿಲವಾಗಿ ಅಲ್ಲಾಡುತ್ತ ಉಳಿದದ್ದನ್ನೂ ಅರೆದುಹಾಕುತ್ತದೆ. ಗುರುಗಳ ಮಾತು ಮೀರಿದರೆ ಸಂಶೋಧನೆ ಎನ್ನುತ್ತಾರೆ ಎಂಬುದು ನನ್ನ ತಿಳಿವಳಿಕೆ. ನಾನೊಂದು ವಿಧಾನ ಕಟ್ಟಿದೆ. ಪಟ್ಟಿ ಕತ್ತರಿಸುವುದು, ಕೂಡಲೇ ಕೀಲಿನೊಳಗೆ ಒಂದು ಔಷಧ ಚುಚ್ಚುವುದು, ಆರು ವಾರ ಕಟ್ಟಿಹಾಕಿಸುವುದು. ಸವೆದ ಮಂಡಿಯೂ ಸರಿಹೋಗುತ್ತದೆ ಎಂದು ತೋರಿಸುವುದು.

ತೋರಿಸುವುದಕ್ಕೆ ಅಳತೆ ಬೇಕು. ದೊಡ್ಡ ಕಾಲೇಜುಗಳಲ್ಲಿ ಅದಕ್ಕೆ ಯಂತ್ರಗಳಿರುತ್ತವೆ. ನಾನು ಮನೆಯಿಂದ ರಂಗೋಲಿ ಡಬ್ಬಿ ತೆಗೆದುಕೊಂಡು ಹೋದೆ. ಸಗಣಿ ಸಾರಿಸಿದ ಕಣದ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಹರಡಿ, ಎತ್ತನ್ನು ಅದರ ಮೇಲೆ ನಡೆಸಿ, ಬಿದ್ದ ಹೆಜ್ಜೆಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯುವುದು. ಕುಂಟುವ ಕಾಲಿನ ಹೆಜ್ಜೆ ಗಿಡ್ಡ, ಅದರ ಹಿಂದೊಂದು ಗೀರು. ನಮ್ಮ ಮನೆಯವಳು "ಬಾಗಿಲಿಗೆ ಹಾಕೋಕೆ ಉಳಿಸ್ತೀರೋ, ಎಲ್ಲಾನೂ ಎತ್ತಿನ ಕಾಲಿಗೇ ಹಾಕ್ತೀರೋ?" ಎಂದು ಕೇಳಿದ್ದಳು. ವಿಜ್ಞಾನದ ದಾರಿಯಲ್ಲಿ ಇಂಥ ಅಡಚಣೆಗಳು ಇದ್ದದ್ದೇ ಎಂದು ಗಂಭೀರವಾಗಿ ಉತ್ತರಿಸಿದ್ದೆ.

ಹಾಗೆ ಸವೆದ ಮಂಡಿಗೆ ನನ್ನ ಚಾಕು ಮೊದಲು ಬಿದ್ದದ್ದು ಹರಿಹರದಾಚೆ ಸಾರಥಿ ಎಂಬ ಹಳ್ಳಿಯ ರುದ್ರಪ್ಪನವರ ಎತ್ತಿಗೆ.

ರುದ್ರಪ್ಪನವರನ್ನು ನೀವು ನೋಡಿಲ್ಲ. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಅವರ ಜೋಡಿ ಆ ಕಡೆಯ ಹಳ್ಳಿಗಳಲ್ಲೆಲ್ಲ ಹೆಸರುವಾಸಿ — ಬಿಳಿ ಎತ್ತುಗಳು, ಒಂದೇ ಎತ್ತರ, ಕೊಂಬಿನ ತಿರುವೂ ಒಂದೇ. ಒಂದಕ್ಕೆ ಸರಿಜೋಡಿ ಹುಡುಕಲು ಎರಡು ವರ್ಷ ಸಂತೆ ಸಂತೆ ತಿರುಗಿದ್ದರಂತೆ. ಹೊಸಬರಿಗೆ ಎಡಗಡೆಯದು ಯಾವುದು, ಬಲಗಡೆಯದು ಯಾವುದು ತಿಳಿಯುತ್ತಿರಲಿಲ್ಲ. ಕಾಯಿಲೆ ಬಂದದ್ದು ಎಡಗಡೆಯದಕ್ಕೆ.

ಮೂರು ತಿಂಗಳಿಗೆ ಹೋಗಿ ಅಳೆದಾಗ ಹೆಜ್ಜೆ ಚೊಕ್ಕವಾಗಿತ್ತು, ಗೀರು ಇರಲಿಲ್ಲ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಆಗ ನನಗೆ ಹೊಳೆಯದ ವಿಷಯ — ಹೊಳೆಯಬೇಕಾಗಿದ್ದ ವಿಷಯ — ಇಷ್ಟೇ. ನಾನು ಚುಚ್ಚಿದ ಔಷಧ ನೋವನ್ನು ಮುಚ್ಚುತ್ತಿತ್ತು. ನೋವು ತಿಳಿಯದ್ದರಿಂದ ಎತ್ತು ನಡೆಯುತ್ತಿತ್ತು. ನಡೆದ ಹಾಗೆಲ್ಲ ಕೀಲು ಒಳಗೊಳಗೇ ಅರೆದುಹೋಗುತ್ತಿತ್ತು. ಹೊರಗಿನಿಂದ ನೋಡಿದರೆ ಅದು ಗುಣವಾದಂತೆಯೇ ಕಾಣುತ್ತಿತ್ತು.

ವರ್ಷ ತುಂಬಿದ ಮೇಲೆ ಕೊನೆಯ ಅಳತೆ. ಆ ದಿನ ನನ್ನ ಜೊತೆ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ನನ್ನ ಲೇಖನ ಅಚ್ಚಾಗಬೇಕೋ ಬೇಡವೋ ಎಂಬುದು ಅವರ ತಲೆಯಾಡಿಕೆಯ ಮೇಲಿತ್ತು. ಕಣ ಸಾರಿಸಿ, ರಂಗೋಲಿ ಹರಡಿ ಎಲ್ಲ ಸಿದ್ಧವಾಗಿತ್ತು. ರುದ್ರಪ್ಪನವರು ಕೊಟ್ಟಿಗೆಯಿಂದ ಎತ್ತನ್ನು ಹಿಡಿದು ತಂದರು. ಅದು ಬಿಳಿಯ ಪುಡಿಯ ಮೇಲೆ ಮದುಮಗನ ಹಾಗೆ ನಡೆದು ಹೋಯಿತು. ಪ್ರಾಧ್ಯಾಪಕರು "ವಾಹ್" ಎಂದರು.

ನಾನು ಕುಕ್ಕರಗಾಲಿನಲ್ಲಿ ಕೂತು ಟೇಪು ಹಿಡಿದಿದ್ದೆ. ಎತ್ತಿನ ಹಿಂಗಾಲು ನನ್ನ ಮುಖದ ಮಟ್ಟಕ್ಕಿತ್ತು. ವರ್ಷಗಟ್ಟಲೆ ನೆಲಕ್ಕೆ ಗೀರಿಕೊಂಡು ನಡೆದ ಎತ್ತಿನ ಗೊರಸಿನ ತುದಿ ಮೊಂಡಾಗಿರಬೇಕು, ಇದರದ್ದು ಹರಿತವಾಗಿತ್ತು. ಕಣ್ಣು ಮೇಲೆತ್ತಿದೆ. ಮಂಡಿಯ ಒಳಬದಿಯಲ್ಲಿ ನಾನು ಹಾಕಿದ ಗಾಯದ ಗೆರೆ — ಕೂದಲು ಮತ್ತೆ ಬಾರದ, ಬೆರಳಗಲದ ಕಪ್ಪು ಗೆರೆ — ಅದು ಇರಲಿಲ್ಲ.

ಅದು ಜೋಡಿಯ ಇನ್ನೊಂದು ಎತ್ತು.

ತಲೆಯೆತ್ತಿ ರುದ್ರಪ್ಪನವರನ್ನು ನೋಡಿದೆ. ಅವರು ಹಗ್ಗ ಹಿಡಿದುಕೊಂಡು ದೂರದ ಬೇವಿನ ಮರವನ್ನು ನೋಡುತ್ತಿದ್ದರು. ನನ್ನ ಕೈಯಲ್ಲಿ ಟೇಪಿತ್ತು. ಪ್ರಾಧ್ಯಾಪಕರು ಪೆನ್ನು ತೆರೆದು "ಎಷ್ಟು?" ಎಂದು ಕೇಳಿದರು. ಆ ಒಂದು ಗಳಿಗೆ — ಆಗ ನಾನು ಎದ್ದು, ಸ್ವಾಮಿ, ಇದು ಬೇರೆ ಎತ್ತು ಎಂದಿದ್ದರೆ... ಅನ್ನಲಿಲ್ಲ. ಅಳತೆ ಹೇಳಿದೆ. ಸೆಂಟಿಮೀಟರು, ಮಿಲಿಮೀಟರು ಸಮೇತ. ಸುಳ್ಳಿನಲ್ಲಿ ಅಷ್ಟು ನಿಖರತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪ್ರಾಧ್ಯಾಪಕರು ಎಳನೀರು ಕುಡಿಯಲು ಕಟ್ಟೆಯ ಮೇಲೆ ಕೂತಾಗ ರುದ್ರಪ್ಪನವರು ನನ್ನನ್ನು ಕೊಟ್ಟಿಗೆಯ ಹಿಂಭಾಗಕ್ಕೆ ಕರೆದರು. ಹೊರಗೆ ಅಷ್ಟು ಬಿಸಿಲಿದ್ದರೂ ಅಲ್ಲಿ ಮಬ್ಬು. ನಾನು ಕತ್ತರಿಸಿದ್ದ ಎತ್ತು ಹುಲ್ಲಿನ ಮೇಲೆ ಮಲಗಿತ್ತು. ನನ್ನ ವಾಸನೆ ಹತ್ತಿತೋ ಏನೋ, ಏಳಲು ನೋಡಿತು. ಮುಂಗಾಲು ಊರಿತು. ಹಿಂಗಾಲಿನಿಂದ ಒಂದು ಸದ್ದು ಬಂತು. ಮೊದಲಿನ 'ಟಕ್' ಅಲ್ಲ. ಗೋಣಿಚೀಲದಲ್ಲಿ ಬೆಣಚುಕಲ್ಲು ಹಾಕಿ ಅಲುಗಿಸಿದ ಹಾಗೆ. ಮತ್ತೆ ಬಿತ್ತು. ಬಿದ್ದು, ಸುಮ್ಮನೆ ನನ್ನನ್ನು ನೋಡುತ್ತ ಮೆಲುಕು ಹಾಕಲು ಶುರುಮಾಡಿತು.

"ಏನೂ ಅನ್ಕಾಬ್ಯಾಡ್ರಿ ಡಾಕ್ಟ್ರೇ" ಎಂದರು ರುದ್ರಪ್ಪ, ತಪ್ಪು ತಮ್ಮದೇ ಎಂಬಂತೆ. "ಹದಿನೈದು ದಿವ್ಸದಿಂದ ಇದು ಎದ್ದಿಲ್ಲ. ದೊಡ್ಡ ಸಾಹೇಬ್ರ ಮುಂದ ನಿಮ್ಮ ಮಾನ ಹೋಗಬಾರ್ದು ಅಂತ ಇನ್ನೊಂದ್ನ ಹಿಡ್ಕಂಡು ಬಂದೆ."

"ರುದ್ರಪ್ಪ, ನೀವು..."

"ನಾ ಯಾರ ಮುಂದೂ ಹೇಳಂಗಿಲ್ರಿ. ಇದು ಎದ್ದೀತಾ?"

"ನೋಡೋಣ" ಎಂದೆ. ನಮ್ಮ ವೃತ್ತಿಯಲ್ಲಿ ಆ ಮಾತಿನ ಅರ್ಥ ಏನೆಂದು ಅವರಿಗೂ ಗೊತ್ತಿತ್ತು. ಒಂದು ತಿಂಗಳು ಕಳೆಯುವುದರೊಳಗೆ ಅವರ ಕೊಟ್ಟಿಗೆಯಲ್ಲಿ ಒಂದೇ ಎತ್ತು ಉಳಿಯಿತು.

ಲೇಖನ ಅಚ್ಚಾಯಿತು. ದಾವಣಗೆರೆಯಲ್ಲಿ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ. ವಿಜ್ಞಾನ ಮುಂದುವರಿದದ್ದಕ್ಕೆ ನಮ್ಮಲ್ಲಿ ಕೊಡುವ ಸಾಕ್ಷಿಗಳೆಲ್ಲವೂ ಸಿಕ್ಕವು. ಪೇಟ ನನ್ನ ತಲೆಗೆ ಸಣ್ಣದಾಗಿತ್ತು. ಅಂದಿನ ಪಟದಲ್ಲಿ ನಾನು ಅದನ್ನು ಕೈಯಿಂದ ಹಿಡಿದುಕೊಂಡೇ ನಿಂತಿದ್ದೇನೆ.

ಆ ಸುದ್ದಿ ನಿಮ್ಮೂರು ಹದಡಿಗೂ ಬಂತು. ನೀವು ಬಂದಿರಿ.

ನಿಮ್ಮ ಎತ್ತು ನನಗೆ ಚೆನ್ನಾಗಿ ನೆನಪಿದೆ. ಮಾಸಲು ಬಣ್ಣ, ಎಡಗಿವಿಯಲ್ಲಿ ಒಂದು ಕಚ್ಚು. ಟ್ರ್ಯಾಕ್ಟರ್ ತಿರುಗದ ಮೂಲೆ ಗದ್ದೆಗಳು, ತುಂಡು ಗದ್ದೆಗಳು — ಅವನ್ನೆಲ್ಲ ಕೆಸರು ಮಾಡಿಕೊಡುವುದಕ್ಕೆ ಊರಿನವರು ನಿಮ್ಮನ್ನೇ ಕರೆಯುತ್ತಿದ್ದರು. 'ಹಾಲೇಶಪ್ಪ ಬಂದ್ರೆ ಮೂಲೇನೂ ಬಿಡಲ್ಲ' ಎನ್ನುತ್ತಿದ್ದರಂತೆ. ನಿಮ್ಮ ಮನೆಯವರು ನೀಲಮ್ಮ ಹೆಮ್ಮೆಯಿಂದ ಹೇಳಿದ್ದರು. ನಾನು ಮಂಡಿ ಮುಟ್ಟಿ ನೋಡಿದೆ. ಸವೆದ ಕೀಲು. ಸಾರಥಿಯದರ ಹಾಗೇ.

ನೀವು ಬುದ್ಧಿವಂತರು. ಎಲ್ಲರೂ 'ಗುಣ ಆಗುತ್ತಾ' ಎಂದು ಕೇಳಿದರೆ, ನೀವು ಕೇಳಬೇಕಾದದ್ದನ್ನೇ ಕೇಳಿದಿರಿ: "ಆ ಸಾರಥಿ ಎತ್ತು ಈಗ ಹೆಂಗೈತ್ರಿ?"

ಅದು ಸತ್ತು ವರ್ಷವಾಗಿತ್ತು.

"ಚೆನ್ನಾಗಿದೆ. ಓಡಾಡಿಕೊಂಡಿದೆ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಕಫ ಬಂದಾಗ ಕೆಮ್ಮುವ ಹಾಗೆ ಬಾಯಿಂದ ಬಂತು. ಆದರೆ ಬಂದ ಮೇಲೆ ವಾಪಸು ತೆಗೆದುಕೊಳ್ಳಲು ಸಮಯವಿತ್ತು — ನೀವು ಎತ್ತನ್ನು ಚೌಕಟ್ಟಿಗೆ ಕಟ್ಟುವವರೆಗೆ, ನಾನು ಕೈ ತೊಳೆಯುವವರೆಗೆ, ಸೂಜಿಗೆ ಔಷಧ ಎಳೆಯುವವರೆಗೆ. ನೀಲಮ್ಮ ಎತ್ತಿನ ಕೊರಳ ಗಂಗೆದೊಗಲು ಸವರುತ್ತ "ಸುಮ್ಕಿರೋ ನನ್ನಪ್ಪಾ, ಡಾಕ್ಟ್ರು ಅದಾರ" ಎನ್ನುತ್ತಿದ್ದರು. ಆ ಮಾತು ಎತ್ತಿಗೆ ಧೈರ್ಯ ಕೊಟ್ಟಿತು. ಅದನ್ನು ಕೇಳಿಯೂ ನಾನು ಚಾಕು ಎತ್ತಿಕೊಂಡೆ. ಕೈ ನಡುಗಲಿಲ್ಲ. ನನ್ನ ಕೈ ಯಾವತ್ತೂ ನಡುಗಿದ್ದಿಲ್ಲ. ಅದೊಂದು ಹೊಗಳಿಕೆಯೆಂದು ನಾನು ಬಹುಕಾಲ ತಿಳಿದಿದ್ದೆ.

ಎತ್ತು ನಡೆದುಕೊಂಡೇ ಮನೆಗೆ ಹೋಯಿತು. ನೀವು ನನ್ನ ಕಾಲು ಮುಟ್ಟಿದಿರಿ. ನಾನು ಬೇಡವೆನ್ನಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಹದಡಿ ರಸ್ತೆಯನ್ನೇ ಬಿಟ್ಟಿದ್ದೆ. ಆ ಕಡೆ ಕರೆ ಬಂದರೆ ಸಹಾಯಕರನ್ನು ಕಳಿಸುತ್ತಿದ್ದೆ. ನಿಮ್ಮ ಎತ್ತು ಉಳುತ್ತಿದೆ ಎಂದು ಅವರು ಬಂದು ಹೇಳುವರು. ಪ್ರತಿ ಸಲವೂ ನಾನು ಲೆಕ್ಕ ಹಾಕುತ್ತಿದ್ದೆ — ಸಾರಥಿಯದು ಇಷ್ಟು ತಿಂಗಳಿಗೆ ನೆಲ ಹಿಡಿಯಿತು, ಇದು ಇನ್ನೆಷ್ಟು... ಎತ್ತು ಚೆನ್ನಾಗಿ ನಡೆಯುತ್ತಿದೆ ಎಂಬ ಸುದ್ದಿಗಿಂತ ಭಯಂಕರವಾದ ಸುದ್ದಿ ಆ ದಿನಗಳಲ್ಲಿ ನನಗೆ ಬೇರೆ ಇರಲಿಲ್ಲ.

ನಾಟಿಯ ಕಾಲಕ್ಕೆ ಸರಿಯಾಗಿ ನೀವು ಟೆಂಪೋದಲ್ಲಿ ಅದನ್ನು ಮಲಗಿಸಿಕೊಂಡು ಬಂದಿರಿ. ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಕೈಯಿಟ್ಟೆ. ಅಂಗೈಗೆ ಅದೇ ಬೆಣಚುಕಲ್ಲು. ನಾನು ಆಗ ನಿಮ್ಮನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದೆ, ನೆನಪಿರಬಹುದು. ವಕೀಲನ ಧಾಟಿಯಲ್ಲಿ ಕೇಳಿದೆ:

"ಆರು ವಾರ ಕಟ್ಟಿಹಾಕು ಅಂದಿದ್ದೆ. ಒಂದು ದಿನವೂ ಬಿಚ್ಚಲಿಲ್ಲವೋ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲವೆನ್ನುತ್ತಿದ್ದರು. ನೀವು ನೀಲಮ್ಮನ ಮುಖ ನೋಡಿದಿರಿ. "ಒಂದಿನ... ಒಂದೇ ದಿನ್ರಿ. ಮೈಯೆಲ್ಲ ಸಗಣಿ ಮೆತ್ಕಂಡಿತ್ತು. ಕಾಲುವಿಗೆ ಹೊಡ್ಕಂಡು ಹೋಗಿ ತೊಳ್ಕಂಡು ಬಂದೆ" ಎಂದಿರಿ.

"ಅದೇ ನೋಡು ಆಗಿದ್ದು" ಎಂದೆ ನಾನು.

ನೀಲಮ್ಮ ತಿರುಗಿ ನಿಮ್ಮನ್ನು ನೋಡಿದರು. ಮನುಷ್ಯರು ಮನುಷ್ಯರನ್ನು ಹಾಗೆ ನೋಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ನೂರು ಸಲ ಬ್ಯಾಡ ಅಂದಿದ್ನಲ್ಲ" ಎಂದು ಕೊನೆಗೆ ಇಷ್ಟೇ ಅಂದರು. ನೀವು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿರಿ. ನಾನು ಚೀಟಿ ಬರೆಯುತ್ತಿದ್ದೆ — ಏನು ಬರೆದೆನೋ, ಆ ಎತ್ತಿಗೆ ಬರೆಯಲು ಏನೂ ಉಳಿದಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಮುಂದಿನ ಲೇಖನದಲ್ಲಿ ಒಂದು ಸಾಲು ಸೇರಿಸಿದೆ: 'ಮಾಲೀಕರ ನಿರ್ಲಕ್ಷ್ಯದಿಂದಾಗಿ ಒಂದು ಪ್ರಕರಣ ವಿಫಲವಾಯಿತು.' ಹೆಸರು ಹಾಕಿಲ್ಲ. ಹದಡಿಯಲ್ಲಿ ಅದರ ಅಗತ್ಯವೂ ಇರಲಿಲ್ಲ. ನಿವೃತ್ತನಾಗುವ ಮುಂಚೆ ನಿಮ್ಮೂರಿನ ಲಸಿಕೆ ಶಿಬಿರಕ್ಕೆ ಬಂದಿದ್ದಾಗ ನನ್ನ ಕಿವಿಯಿಂದಲೇ ಕೇಳಿದೆ. ಯಾರೋ ಒಬ್ಬ ಎಮ್ಮೆ ಹಿಡಿದವನು ಕೂಗಿದ: "ಏ ಕಾಲುವಿ ಹಾಲೇಶಿ! ನಮ್ಮೆಮ್ಮಿ ಮೈ ತೊಳಿಬೇಕಲೇ, ಬರ್ತೀಯೇನು?" ಸುತ್ತ ನಿಂತವರೆಲ್ಲ ನಕ್ಕರು. ನೀವೂ ನಕ್ಕಿರಿ. ಅಷ್ಟೊತ್ತಿಗೆ ನಿಮ್ಮ ಕೊಟ್ಟಿಗೆ ಬರಿದಾಗಿತ್ತು. ಇನ್ನೊಂದು ಎತ್ತನ್ನೂ ಮಾರಿ ಗಿರಣಿ ಕೆಲಸಕ್ಕೆ ಸೇರಿದ್ದಿರಿ. ನಿಮ್ಮ ಕೈಗೆ ಇನ್ನೊಂದು ದನ ಕೊಡಲು ನೀಲಮ್ಮ ಒಪ್ಪಿರಲಿಲ್ಲ. ನೀವೂ ಒಪ್ಪಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಅಂದು ದನ ಹಿಡಿದು ಸಾಲಿನಲ್ಲಿ ನಿಂತ ಒಬ್ಬೊಬ್ಬರಿಗೂ ನೀವು ಹೇಳುತ್ತಿದ್ದಿರಿ: "ಡಾಕ್ಟ್ರು ಹೇಳ್ದಂಗ ಕೇಳ್ರಪ್ಪಾ. ನಾ ಕೇಳ್ಲಿಲ್ಲ. ನೋಡ್ರಿ ಏನಾತು." ಹೇಳುತ್ತ ನನ್ನ ಕಡೆ ಗೌರವದಿಂದ ಕೈ ತೋರಿಸುತ್ತಿದ್ದಿರಿ. ನಾನು ಸಿರಿಂಜು ತುಂಬಿಕೊಳ್ಳುತ್ತ ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ.

ಮತ್ತೆ ಈಗ ಯಾಕೆ ಈ ನಿಜ ಎಂದು ನೀವು ಕೇಳಬಹುದು. ಆತ್ಮಸಾಕ್ಷಿ ಎಚ್ಚರಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹಾಗೇನೂ ಆಗಲಿಲ್ಲ. ಹದಿನೈದು ದಿನದ ಹಿಂದೆ ಹರಿಹರದಿಂದ ಒಬ್ಬ ಯುವ ವೈದ್ಯೆ ಫೋನು ಮಾಡಿದಳು. ನನ್ನ ಲೇಖನ ಓದಿ, ನನ್ನ ವಿಧಾನದಂತೆಯೇ ಒಂದು ಎತ್ತಿಗೆ ಮಾಡಿದ್ದಾಳೆ. ಅದೀಗ ಏಳುತ್ತಿಲ್ಲ.

"ಸರ್, ಮಾಲೀಕರು ಆರು ವಾರದಲ್ಲಿ ಒಂದಿನಾನೂ ಬಿಚ್ಚಿಲ್ಲ ಅಂತಾರೆ. ಸುಳ್ಳು ಹೇಳ್ತಿದಾರೆ ಅನ್ಸುತ್ತೆ. ನಿಮ್ಮ ಹತ್ರಾನೂ ಒಬ್ರು ಹೀಗೇ ಮಾಡಿದ್ರಲ್ಲ ಸರ್?"

ಆ 'ಒಬ್ಬರು' ನೀವು. ಯಾವುದೋ ಊರಿನ ಇನ್ನೊಬ್ಬ ರೈತ ಈಗ ಯಾವುದೋ ಕೊಟ್ಟಿಗೆಯಲ್ಲಿ ನಿಂತು, ತಾನು ಬಿಚ್ಚಿಲ್ಲವೆಂದು ಆಣೆ ಮಾಡುತ್ತಿದ್ದಾನೆ. ನನ್ನ ಒಂದು ಸಾಲು ಅವನ ಬಾಯಿ ಮುಚ್ಚಿಸುತ್ತಿದೆ.

"ಅವರು ಸುಳ್ಳು ಹೇಳುತ್ತಿಲ್ಲಮ್ಮ" ಎಂದೆ. ಎಲ್ಲವನ್ನೂ ಹೇಳಿದೆ. ಫೋನಿನಲ್ಲಿ ಹಿಂದೆಲ್ಲೋ ಒಂದು ದನ ಅಂಬಾ ಅಂದದ್ದು ಕೇಳಿಸಿತು. ಅವಳು ಅಲ್ಲಿಂದಲೇ, ಆ ಕೊಟ್ಟಿಗೆಯಿಂದಲೇ ಮಾಡಿದ್ದಳೆಂದು ಆಗ ಗೊತ್ತಾಯಿತು. "ಇವರಿಗೆ ನಾನೀಗ ಏನಂತ ಹೇಳಲಿ?" ಎಂದಳು. ಈ ಸಲ ಸರ್ ಎನ್ನಲಿಲ್ಲ.

ಲೇಖನಗಳನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಯವರಿಗೆ ಕಾರಣ ಸಮೇತ ಬರೆದಿದ್ದೇನೆ. ಈ ವಿಧಾನದಂತೆ ಮಾಡಿರಬಹುದಾದ ಹಳೆಯ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ. ಒಬ್ಬರು "ಈಗ್ಯಾಕೆ ಕೆದಕ್ತೀರಿ ಸಾರ್, ವಯಸ್ಸಾಯ್ತು, ಆರಾಮಾಗಿರಿ" ಎಂದರು. ಇನ್ನೆಷ್ಟು ಕೊಟ್ಟಿಗೆಗಳಲ್ಲಿ ಎಷ್ಟು ಎತ್ತುಗಳು ಈಗ ಚೆನ್ನಾಗಿ ನಡೆಯುತ್ತಿವೆಯೋ ನನಗೆ ಗೊತ್ತಿಲ್ಲ.

ನೀವು ನಂಬದೆ ಹೋದ ಮೇಲೆ ಸಾಕ್ಷಿಗೆಂದು ಸಾರಥಿಗೂ ಹೋಗಿದ್ದೆ. ರುದ್ರಪ್ಪನವರಿಗೆ ವಯಸ್ಸಾಗಿದೆ, ಕಣ್ಣು ಮಂಜು. ಹದಡಿಗೆ ಬಂದು ನಡೆದದ್ದನ್ನು ಹೇಳಿ ಎಂದು ಕೈ ಮುಗಿದು ಕೇಳಿದೆ. "ಯಾರ ಮುಂದೂ ಹೇಳಂಗಿಲ್ಲ ಅಂತ ಮಾತು ಕೊಟ್ಟೀನಲ್ರಿ" ಎಂದರು. ಆ ಮಾತಿನಿಂದ ನಿಮ್ಮನ್ನು ನಾನೇ ಬಿಡಿಸಿದ್ದೇನೆ ಎಂದೆ. ಅವರು ತಲೆಯಾಡಿಸಿ, "ಎತ್ತು ಚೆನ್ನಾಗೇ ನಡೀತಲ್ರಿ ಅವತ್ತು. ನಾ ನೋಡೀನಿ" ಎಂದರು. ನನ್ನ ಮಾನವನ್ನು ನನಗಿಂತ ಭದ್ರವಾಗಿ ಅವರು ಕಾಯುತ್ತಿದ್ದಾರೆ. ಅದನ್ನು ಅವರ ಕೈಯಿಂದ ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಹಾಗಾಗಿ ಸಾಕ್ಷಿಯಿಲ್ಲ. ಇರುವುದು ಈ ಕಾಗದ. ಇದನ್ನು ನಿಮ್ಮ ಹೆಸರಿಗೆ ಬರೆದಿದ್ದೇನೆ, ಆದರೆ ನಿಮ್ಮ ಕೈಗೆ ಕೊಡುವುದಿಲ್ಲ. ನೀಲಮ್ಮನವರ ಕೈಗೆ ಕೊಡುತ್ತೇನೆ. ಅವರು ಓದಲಿ. ಓದಿ ಏನು ಅನ್ನುತ್ತಾರೋ ಅನ್ನಲಿ, ಏನು ಕೇಳುತ್ತಾರೋ ಕೇಳಲಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಆಮೇಲೆ ಹಾಲಿನ ಡೈರಿಯ ಮುಂದೆ, ನಿಮ್ಮನ್ನು ಆ ಹೆಸರಿನಿಂದ ಕರೆಯುವವರೆಲ್ಲ ಕ್ಯಾನು ಹಿಡಿದು ನಿಂತಿರುವಾಗ, ಇದನ್ನೇ ಗಟ್ಟಿಯಾಗಿ ಓದುತ್ತೇನೆ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಹದಡಿಗೆ ಬರುತ್ತೇನೆ. ಆ ಹೊತ್ತಿಗೆ ನೀವು ಗಿರಣಿಯಲ್ಲಿರುತ್ತೀರಿ ಎಂದು ವಿಚಾರಿಸಿಕೊಂಡಿದ್ದೇನೆ. ಮನೆಯಲ್ಲಿದ್ದರೆ ನೀವು ನನ್ನನ್ನು ಕ್ಷಮಿಸಿಬಿಡುತ್ತೀರಿ.